ದೀಪದ ಮುಂದೆ ಆಡದ ಮಾತು

ಎಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳಲ್ಲಿ ನಾನು ಉಪಭಾಷಾ ನಿಘಂಟಿನ ಯೋಜನೆಯೊಂದರಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಊರೂರು ತಿರುಗಿ ಜನರಾಡುವ ಪದಗಳನ್ನು ಸಂಗ್ರಹಿಸುವುದು ಕೆಲಸ. ಶಹಾಪುರ, ಸುರಪುರದ ಹೊಲಗಳಿಗೆ ಆಗ ಕಾಲುವೆಯ ನೀರು ಹೊಸದು. ನಾನು ಯಾದಗಿರಿಯವನೇ. ಜೊತೆಗಿದ್ದ ವಿಮಲಾ ಮಂಡ್ಯದವಳು. ಇಲ್ಲಿಯವರು ‘ಬರ್ರಿ’ ಎಂದು ಕರೆದರೂ ಗದರಿಸಿದರೆಂದು ಬೆಚ್ಚುತ್ತಿದ್ದಳು. ಸಹಾಯಕ ಸಂಪಾದಕರ ಕಾಯಂ ಹುದ್ದೆ ಇದ್ದದ್ದು ಒಂದೇ. ‘ದೀಪ’ ಎಂಬ ಪದಕ್ಕೆ ಇಬ್ಬರೂ ನಮೂದು ಬರೆಯಬೇಕು, ಚೆನ್ನಾಗಿ ಬರೆದವರಿಗೆ ಹುದ್ದೆ ಎಂದರು ಪ್ರಧಾನ ಸಂಪಾದಕರು. ನನ್ನ ಊರಿನ ಮಾತು, ನನಗೇ ಸಿಗುತ್ತದೆ ಎಂದುಕೊಂಡೆ.

ಮುದನಾಳದಲ್ಲಿ ನಿಂಗಮ್ಮ ಎಂಬ ರೈತ ಹೆಂಗಸಿನ ಮನೆಗೆ ಹೋದೆ. ಪ್ರಶ್ನೆಗಳ ಮೊದಲ ಭಾಗ ಸಲೀಸಾಗಿ ಮುಗಿಯಿತು. ಸೀಮೆಎಣ್ಣೆಯದು ಚಿಮಣಿ, ಕರೆಂಟಿನದು ಲೈಟು, ದೇವರ ಮುಂದಿನದು ದೀಪ. ಆದರೆ ಮುಸ್ಸಂಜೆ ಮೊದಲು ಹೊತ್ತಿದಾಗ ಲೈಟೂ ದೀಪವೇ. ಸ್ವಿಚ್ ಒತ್ತಿ ನಿಂಗಮ್ಮ ಬಲ್ಬಿಗೂ ಕೈಮುಗಿದಳು. ದೀಪ ನಂದಿಸುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದಾಗ ಮಾತ್ರ ತುಂಬು ಬಸುರಿಯಾಗಿದ್ದ ಸೊಸೆಯತ್ತ ನೋಡಿ ಸುಮ್ಮನಾದಳು. ಪದ ಸಿಗದಿದ್ದರೆ ಕ್ರಿಯೆಯನ್ನು ಮಾಡಿ ತೋರಿಸಿ ಕೇಳಬೇಕು ಎಂದು ವಿಶ್ವವಿದ್ಯಾಲಯ ನಮಗೆ ಕಲಿಸಿತ್ತು. ಗೋಡೆಯಲ್ಲಿನ ದೇವರ ಗೂಡಿನ ದೀಪವನ್ನು ಉಫ್ ಎಂದು ಊದಿ, “ಇದಕ್ಕೇನಂತೀರಿ?” ಎಂದೆ.

“ಬಸುರಿ ಹೆಣ್ಮಗಳ ಮುಂದ ದೀಪ ಊದ್ತಾರೇನ್ರಿ?” ಎಂದಳು ನಿಂಗಮ್ಮ. “ಯಾದಗಿರಿಯಾವ ಅಂತೀರಿ, ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು? ಏಳ್ರಿ ಮ್ಯಾಲ.”

ಮರುದಿನ ಆ ಓಣಿಯಲ್ಲಿ ನನ್ನ ಮುಂದೆ ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ವಿಮಲಾ ಹೋದಳು. ಅವಳು ಏನನ್ನೂ ಕೇಳಲಿಲ್ಲವಂತೆ. ಸಂಜೆ ಸಂಜೆ ಅತ್ತೆ ಸೊಸೆಯರ ಜೊತೆ ಕುಳಿತು ಬತ್ತಿ ಹೊಸೆದಳು. “ಇದು ಬತ್ತಿ ಅಲ್ಲವ್ವ, ಎತ್ತಿನ ಹಗ್ಗ ಆತು” ಎಂದು ನಿಂಗಮ್ಮ ನಕ್ಕಳಂತೆ. ನನ್ನನ್ನು ಎಬ್ಬಿಸಿ ಕಳಿಸಿದವಳು ಅವಳೊಂದಿಗೆ ನಗುತ್ತಿದ್ದಳು! ವಾರ ಕಳೆಯುವುದರೊಳಗೆ ಸೊಸೆ ಹೆರಿಗೆಗೆಂದು ವಡಗೇರಾದ ತವರಿಗೆ ಹೊರಟಳು. ಬಸ್ಸಿನ ಹೊತ್ತಾಗಿತ್ತು, ದೀಪ ಇನ್ನೂ ಉರಿಯುತ್ತಿತ್ತು. ನಿಂಗಮ್ಮ ಅವಸರದಲ್ಲಿ, “ದೀಪ ದೊಡ್ಡದು ಮಾಡವಾ, ಹೋಗೂಣು” ಎಂದಳು. ಸೊಸೆ ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಜಾರಿಸಿದಳು. ಆರುವ ಮಾತನ್ನು ದೀಪದ ಮುಂದೆ ಆಡಬಾರದೆಂದು, ‘ಆರಿಸು’ ಎನ್ನುವ ಬದಲು ಹಾಗೆನ್ನುವುದು. ಲೈಟಿಗೆ ಆ ಮರ್ಯಾದೆಯಿಲ್ಲ. ಅದನ್ನು ‘ಬಂದ್’ ಮಾಡಿದರಾಯಿತು.

ಇದೆಲ್ಲ ವಿಮಲಾಳ ನಮೂದಿನಲ್ಲಿತ್ತು. ಹುದ್ದೆ ಅವಳಿಗಾಯಿತು. ಸೊಸೆ ಸುಖವಾಗಿ ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಕರೆ ಬಂದದ್ದೂ ವಿಮಲಾಳಿಗೇ. ನಿವೃತ್ತಿಯವರೆಗೆ ನನ್ನ ಬರಹವನ್ನು ಅವಳೇ ತಿದ್ದಿದಳು. ತಿದ್ದಿದ್ದು ಸರಿಯಾಗಿಯೇ ಇರುತ್ತಿತ್ತು, ಅದು ಇನ್ನಷ್ಟು ಉರಿಸುತ್ತಿತ್ತು.

ಆ ನಮೂದು ಓದಿದಂದಿನಿಂದ ನನ್ನ ಅವ್ವ ನಮ್ಮ ಮನೆಯ ಗೂಡಿನ ಮುಂದೆ ನಿಂತು “ದೀಪ ದೊಡ್ಡದು ಮಾಡಪಾ” ಎನ್ನುವುದು ಕೇಳಿಸುತ್ತದೆ. ಅವಳು ನಿಜವಾಗಿ ಅಂದಿದ್ದಳೋ, ವಿಮಲಾ ಬರೆದದ್ದನ್ನು ನಾನೇ ಅವಳ ಬಾಯಲ್ಲಿ ಇಟ್ಟೆನೋ ಹೇಳಲಾರೆ. ಹುದ್ದೆಗಿಂತ ಹೆಚ್ಚಿನ ಹೊಟ್ಟೆಕಿಚ್ಚು ಇದರದು: ನನ್ನವ್ವನ ಮಾತು ನನ್ನದೆನ್ನಲು ವಿಮಲಾಳ ಬರಹ ಬೇಕಾಯಿತು.

ಮಾತನ್ನು ಕೇಳಿ ಪಡೆಯಲಾಗದು, ಅದು ಬೇಕಾಗುವ ಹೊತ್ತಿಗಾಗಿ ಕಾಯುತ್ತ ಜೊತೆಗಿರಬೇಕು. ಈ ಕೆಲಸ ಕಲಿಸಿದ್ದು ಇಷ್ಟು. ಹೊರಗಿನಿಂದ ಬಂದ ವಿಮಲಾ ಅದನ್ನು ಒಂದು ವಾರದಲ್ಲಿ ಕಲಿತಳು. ನಾನು ಕಲಿಯುವ ಹೊತ್ತಿಗೆ ಅವ್ವ ಇರಲಿಲ್ಲ.