ಹನ್ನೊಂದು ಮೊಳ ಮಲ್ಲಿಗೆಯ ತನಿಖೆ

ತನಿಖಾಧಿಕಾರಿಯಾಗಿ ನೇಮಕವಾದ ಅರ್ಧ ಗಂಟೆಯಲ್ಲಿ ನಾನು 'ಅವರ ಕಡೆಯವಳು' ಆದೆ. ಇನ್ನರ್ಧ ಗಂಟೆಯಲ್ಲಿ 'ಇವರ ಕಡೆಯವಳು' ಆದೆ. ಚಹಾ ಬರುವ ಹೊತ್ತಿಗೆ ನಾನು ಯಾರ ಕಡೆಯವಳೆಂದು ನನಗೇ ಅನುಮಾನ ಶುರುವಾಗಿತ್ತು.

ಕೇಸು ಸಣ್ಣದಲ್ಲ. ಹನ್ನೊಂದು ಮೊಳ ಮಲ್ಲಿಗೆ ಕಾಣೆಯಾಗಿತ್ತು. (ಹೂವಿನ ಹಡಗಲಿಯಲ್ಲಿ ಮಲ್ಲಿಗೆಗೆ ಬರವೇ ಎಂದು ನಗಬೇಡಿ. ನಮಗೂ ಮೊದಲು ನಗುವೇ ಬಂದಿತ್ತು.)

ಶ್ರಾವಣದ ಶುಕ್ರವಾರ ನಮ್ಮ ಮಹಿಳಾ ಮಂಡಳಿಯಲ್ಲಿ ಅರಿಷಿಣ ಕುಂಕುಮ. ಸದಸ್ಯೆಯರು ಅರವತ್ತು ಜನ. ತಲೆಗೊಂದು ಮೊಳದಂತೆ ಅರವತ್ತು ಮೊಳ ಹೂವು ತರಲು ಹುಲಿಗೆಮ್ಮನಿಗೆ ಹೇಳಿದ್ದೆವು. ಹುಲಿಗೆಮ್ಮ ಬಸ್ ಸ್ಟ್ಯಾಂಡಿನ ಗೇಟಿನ ಪಕ್ಕ ಹೂ ಮಾರುತ್ತಾಳೆ. ಬುಟ್ಟಿಯ ಹಿಂದೆ ಕೂತರೆ ಹೂವು ಕಾಣುತ್ತದೆ, ಆಕೆ ಕಾಣುವುದಿಲ್ಲ. ಅಷ್ಟು ಗಿಡ್ಡ ಜೀವ. ನಸುಕಿನಲ್ಲೇ ಕಟ್ಟಿ, ಮೊಳ ಹಾಕಿ, ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ತಂದುಕೊಟ್ಟಳು. ಹಂಚುವ ಮೇಜಿನ ಬಳಿ ಕತ್ತರಿ ಹಿಡಿದು ನಿಂತವಳು ನಾನು. ಮೊಳ ಹಾಕಿ ಕತ್ತರಿಸುತ್ತಾ ಹೋದೆ. ನಲವತ್ತೊಂಬತ್ತನೆಯ ತಲೆಗೆ ಹೂವು ಮುಗಿಯಿತು.

ಹನ್ನೊಂದು ಜನ ಬರಿ ಮುಡಿಯಲ್ಲಿ ನಿಂತರು. ಅಷ್ಟೇ ಆಗಿದ್ದರೆ ಬಸ್ ಸ್ಟ್ಯಾಂಡಿಗೆ ಯಾರನ್ನಾದರೂ ಓಡಿಸಿ ಮುಗಿಸುತ್ತಿದ್ದೆವು. ಆದರೆ ಆ ಹನ್ನೊಂದು ಜನವೂ ಶಾಂತಕ್ಕನ ಗುಂಪಿನವರು!

ಇಲ್ಲಿ ಸ್ವಲ್ಪ ರಾಜಕೀಯ ಹೇಳಬೇಕು. ಎರಡು ತಿಂಗಳ ಹಿಂದಷ್ಟೇ ಮಂಡಳಿಯ ಎಲೆಕ್ಷನ್ ಆಗಿತ್ತು. ಎಂಟು ವರ್ಷ ಅಧ್ಯಕ್ಷೆಯಾಗಿದ್ದ ಗಿರಿಜಕ್ಕನನ್ನು ಶಾಂತಕ್ಕ ಮೂರು ಓಟಿನಿಂದ ಸೋಲಿಸಿದ್ದರು. ಹುಲಿಗೆಮ್ಮನಿಂದ ಹೂವು ತರಿಸುವ ಪದ್ಧತಿ ಗಿರಿಜಕ್ಕನ ಕಾಲದ್ದು. ಸಾಕಲ್ಲ?

"ಇದು ಕಮ್ಮಿ ಬಿದ್ದದ್ದಲ್ಲ, ಕಮ್ಮಿ ಬೀಳಿಸಿದ್ದು," ಎಂದರು ಶಾಂತಕ್ಕ. "ಹನ್ನೊಂದು ಮಂದಿನೂ ನಮ್ಮೋರ ಹೆಂಗ ಆದ್ರು? ಹುಲಿಗೆಮ್ಮ ಯಾರ ಕಡಿಯಾಕಿ ಅನ್ನೋದು ಊರಿಗೇ ಗೊತ್ತೈತಿ."

"ಅಡಿಗಿ ಮನ್ಯಾಗ ಪಾಯಸದ ರುಚಿ ನೋಡ್ಕಂತ ನಿಂತು ಕಡೀಗೆ ಬಂದ್ರ ಹೂವು ಕಾಯ್ತೈತೇನು?" ಎಂದರು ಗಿರಿಜಕ್ಕ.

ತನಿಖೆ ಆಗಲೇಬೇಕೆಂದು ತೀರ್ಮಾನವಾಯಿತು. ಯಾರು ಮಾಡಬೇಕು? ಗಿರಿಜಕ್ಕ ಪೇಪರ್ ಓದುವವರು. "ಊರೋರು ಬ್ಯಾಡ. ಹರಪನಹಳ್ಳಿಯಿಂದ ಯಾರನ್ನರ ಕರಸ್ರಿ. ಅದು ಬ್ಯಾರೆ ತಾಲೂಕು, ಅಲ್ಲಿಯೋರಿಗೆ ನಮ್ಮ ಗುಂಪು ಗೊತ್ತಿಲ್ಲ," ಎಂದರು.

"ಹರಪನಹಳ್ಳಿ ನಿನ್ನ ತವರುಮನಿ ಅಲ್ಲೇನವ್ವಾ?" ಎಂದು ಶಾಂತಕ್ಕ ಕೇಳಿದ್ದೇ ಆ ಬಾಗಿಲು ಮುಚ್ಚಿತು.

ಕೊನೆಗೆ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಎಲೆಕ್ಷನ್ ದಿನ ನಾನು ಉಜ್ಜಿನಿಯಲ್ಲಿ ಮದುವೆ ಊಟಕ್ಕೆ ಹೋಗಿದ್ದೆ, ಓಟೇ ಹಾಕಿರಲಿಲ್ಲ. ಮೇಲಾಗಿ ಹೈಸ್ಕೂಲಿನ ಅಕ್ಕೋರು (ನಮ್ಮಲ್ಲಿ ಟೀಚರಮ್ಮನಿಗೆ ಅನ್ನುವುದೇ ಹಾಗೆ). ಮೇಲಾಗಿ ದಿನದ ಹಾಲು, ಹೂವು, ಕರೆಂಟು ಹೋದ ಹೊತ್ತು, ಬಂದ ಹೊತ್ತು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವವಳು. ಹೂ ಹಂಚಿದ್ದನ್ನು ಹತ್ತಿರದಿಂದ ಕಂಡವಳೂ ನಾನೇ. ಇದಕ್ಕಿಂತ ನಿಷ್ಪಕ್ಷಪಾತ ಅಧಿಕಾರಿ ಎಲ್ಲಿ ಸಿಗಬೇಕು?

ಅರ್ಧ ಗಂಟೆ. ಅಷ್ಟರಲ್ಲಿ ನನ್ನ ಜಾತಕ ಹೊರಬಿತ್ತು. ಹುಲಿಗೆಮ್ಮ ಆರು ವರ್ಷದಿಂದ ನನ್ನ ಮನೆಗೆ ದಿನಾ ಹೂವು ಕೊಡುತ್ತಾಳೆ. ಹೋದ ವರ್ಷದ ಗ್ರೂಪ್ ಫೋಟೋದಲ್ಲಿ ನಾನು ಗಿರಿಜಕ್ಕನ ಪಕ್ಕದಲ್ಲೇ ನಿಂತಿದ್ದೇನೆ. "ಓಟು ಹಾಕದ ಇರೋದೂ ಒಂದು ಓಟೇ ಐತಿ ಬಿಡ್ರಿ," ಎಂದರು ಶಾಂತಕ್ಕ. ಆ ಕಡೆಯಿಂದ ಗಿರಿಜಕ್ಕ ಮೆಲ್ಲಗೆ, "ಅಕ್ಕೋರ ಮಗಳು ಶಾಂತಕ್ಕನ ಮಗನ ಟ್ಯೂಷನ್ನಿಗೆ ಹೋಗ್ತಾಳ, ನೆನಪಿರ್ಲಿ," ಎಂದರು.

ಮನೆಗೆ ಬಂದರೆ ಅಲ್ಲೂ ತನಿಖೆಯೇ. ದೊಡ್ಡವರೊಬ್ಬರ ಕೇಸು ಪೇಪರಿನ ಮುಖಪುಟದಲ್ಲಿ ತಿಂಗಳುಗಟ್ಟಲೆ ಓಡುತ್ತಿದೆ. ನಮ್ಮ ಯಜಮಾನರೂ ಪಕ್ಕದ ಮನೆಯ ಕೊಟ್ರೇಶಪ್ಪನವರೂ ಕಟ್ಟೆಯ ಮೇಲೆ ಕೂತು ಪೇಪರನ್ನು ನಡುವೆ ಹರವಿಕೊಂಡು ದಿನಾ ಜಗಳವಾಡುತ್ತಾರೆ. ಇಬ್ಬರದೂ ಬೇರೆ ಬೇರೆ ಪಕ್ಷ.

"ಆ ಆಫೀಸರ್‌ನ ಅಲ್ಲಿಗೆ ಹಾಕಿದೋರು ಯಾರು? ಅದನ್ನ ಹೇಳ್ರಿ ಮೊದ್ಲು," ಎಂದರು ಕೊಟ್ರೇಶಪ್ಪ.

"ಕಾನೂನು ತನ್ನ ಕೆಲಸ ತಾನು ಮಾಡಾಕತ್ತೈತಿ. ನಿಮಗ್ಯಾಕ ಹೊಟ್ಟಿ ಉರಿ?" ಎಂದರು ನಮ್ಮವರು.

ಎರಡು ವರ್ಷದ ಹಿಂದೆ ಇದೇ ಕಟ್ಟೆಯಲ್ಲಿ, ಇನ್ನೊಂದು ಕೇಸಿನಲ್ಲಿ, ಇದೇ ಮಾತು ನಡೆದಿತ್ತು. ಒಂದೇ ವ್ಯತ್ಯಾಸ. ಆಗ ಕಾನೂನು ತನ್ನ ಕೆಲಸ ಮಾಡುತ್ತಿದ್ದದ್ದು ಕೊಟ್ರೇಶಪ್ಪನವರ ಬಾಯಲ್ಲಿ. "ಇದು ದ್ವೇಷದ ರಾಜಕಾರಣ" ಎಂದು ಕಟ್ಟೆ ಗುದ್ದಿದವರು ನಮ್ಮವರು. ನಡುವೆ ಸರ್ಕಾರ ಬದಲಾಗಿತ್ತು, ಡೈಲಾಗೂ ಬದಲಾಯಿತು. ಮಜಾ ಏನೆಂದರೆ ಎರಡೂ ಕೇಸಿನ ತನಿಖಾಧಿಕಾರಿ ಒಬ್ಬನೇ! ಅದೇ ಮನುಷ್ಯ, ಅದೇ ಮೀಸೆ. ಕೊಟ್ರೇಶಪ್ಪನವರಿಗೆ ಅವನು ಅವತ್ತು ಹುಲಿ, ಇವತ್ತು ಬಾಲ ಅಲ್ಲಾಡಿಸುವ ನಾಯಿ. ನಮ್ಮವರಿಗೆ ತಿರುವುಮುರುವು.

ಹಾಗಂತ ಅನುಮಾನವೆಲ್ಲ ಸುಳ್ಳೇ? ಅದನ್ನೂ ಹೇಳಲಾರೆ. ವರ್ಗಾವಣೆಯ ಕಾಗದ ಯಾರ ಕೈಲಿದೆಯೋ ಅವರ ಮುಖ ನೋಡದ ಅಧಿಕಾರಿ ಎಷ್ಟು ಜನ? ಸರ್ಕಾರ ಬದಲಾದರೆ ಸರ್ಕಾರಿ ವಕೀಲರೂ ಬದಲಾಗುತ್ತಾರೆ. ನಿನ್ನೆ 'ಬಿಡಲೇಬಾರದು' ಎಂದ ಕುರ್ಚಿಯೇ ಇವತ್ತು 'ಸಾಕ್ಷಿ ಸಾಲದು' ಎನ್ನುತ್ತದೆ. ಆದರೆ 'ಇವನು ಯಾರ ಕಡೆಯವನು' ಎಂದು ನಾವು ಕೇಳುವುದು ಯಾವಾಗ? ನಮ್ಮವರ ಬುಡಕ್ಕೆ ಬಂದಾಗ ಮಾತ್ರ. ಎದುರಿನವರನ್ನು ಹಿಡಿದಾಗ ಯಾರೂ ಆ ಅಧಿಕಾರಿಯ ಗ್ರೂಪ್ ಫೋಟೋ ಹುಡುಕುವುದಿಲ್ಲ.

ಇರಲಿ. ನನ್ನ ಕೇಸಿಗೆ ಬರುತ್ತೇನೆ.

'ಹುಲಿಗೆಮ್ಮನ ಕಡೆಯವಳು' ಎನ್ನಿಸಿಕೊಂಡ ಮೇಲೆ ನಾನು ಹುಷಾರಾದೆ. ಬಹಳ ಹುಷಾರಾದೆ. ಭಾನುವಾರ ವರದಿ ಕೊಡಬೇಕು. ಶನಿವಾರ ಸಂಜೆ ವಿಚಾರಣೆಗೆ ಆಕೆಯನ್ನು ಮನೆಗೆ ಕರೆಸಿದೆ. ಎಂದಿನಂತೆ "ಬಾ ಹುಲಿಗೆಮ್ಮ, ಕುಂದ್ರು" ಎನ್ನಲಿಲ್ಲ. ಚಹಾಕ್ಕೆ ಇಡಲಿಲ್ಲ. ಮೆಟ್ಟಿಲ ಬಳಿ ನಿಲ್ಲಿಸಿ, ನೋಟ್‌ಬುಕ್ ತೆರೆದು, ಪೆನ್ನಿನ ಮುಚ್ಚಳ ತೆಗೆದು ಕೇಳಿದೆ: "ಎಷ್ಟು ಮೊಳ ಕಟ್ಟಿದ್ದಿ?"

"ಅರವತ್ತು, ಅಕ್ಕೋರೆ."

"ಖರೇ ಹೇಳು."

ಆಕೆ ನನ್ನ ಮುಖ ನೋಡಿದಳು. "ಇವತ್ತು ಚಾ ಇಲ್ಲೇನ್ರಿ?" ಎಂದಳು.

ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಆಗಲಿಲ್ಲ.

"ಅಳತಿ ಕಳ್ಳಿ ಅಂತ ಬಸ್ ಸ್ಟ್ಯಾಂಡಿನ ತನಕ ಸುದ್ದಿ ಹೋಗೈತ್ರಿ," ಎಂದಳು ಹುಲಿಗೆಮ್ಮ. "ಇವತ್ತು ಮುಂಜಾನೆ ಹೊಸಪೇಟಿ ಬಸ್ಸಿನಾಗ ಬಂದ ಹೆಣಮಗಳು ನನ್ನ ಬುಟ್ಟಿ ದಾಟಿ ಆಚಿ ಬುಟ್ಟಿಗೆ ಹೋದ್ಳು. ನಾಳೆ ನೀವು ಹೌದು ಅಂದ್ರ, ನಾ ಗೇಟಿನ ಹಂತ್ಯಾಕ ಕುಂದ್ರೋದು ಮುಗೀತು. ಹೂವು ಬಾಡಿದ್ರ ನಾಳೆ ಬ್ಯಾರೆ ತರಬೌದು. ಹೆಸರು ಬಾಡಿದ್ರ ಎಲ್ಲಿಂದ ತರ್ಲಿ?"

"ಹಂಗಾದ್ರ ಹನ್ನೊಂದು ಮೊಳ ಎಲ್ಲಿಗೆ ಹೋತು?"

ಹುಲಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈ ಚಾಚ್ರಿ," ಎಂದಳು.

ಚಾಚಿದೆ. ತನ್ನ ಮೊಣಕೈಯನ್ನು ನನ್ನ ಮೊಣಕೈಗೆ ಸೇರಿಸಿ ತನ್ನ ಕೈಯನ್ನು ಪಕ್ಕದಲ್ಲಿ ಇಟ್ಟಳು. ಆಕೆಯ ನಡುಬೆರಳು ಮುಗಿದ ಮೇಲೂ ನನ್ನ ಕೈ ನಾಲ್ಕು ಬೆರಳಿನಷ್ಟು ಮುಂದೆ ಹೋಗಿತ್ತು.

ಆಕೆ ಮೊಳ ಹಾಕಿದ್ದು ತನ್ನ ಕೈಯಲ್ಲಿ. ನಾನು ಕತ್ತರಿಸಿದ್ದು ನನ್ನ ಕೈಯಲ್ಲಿ. ನಮ್ಮಲ್ಲಿ ಹೂವಿಗೆ ಸ್ಕೇಲು ಎಲ್ಲಿದೆ? ಮೊಣಕೈಯೇ ಸ್ಕೇಲು. ಹುಟ್ಟಿದಾಗಿನಿಂದ ಈ ಊರಲ್ಲಿ ಹೂವು ಮುಡಿದವಳಿಗೆ ಇದು ಹೊಳೆಯಲೇ ಇಲ್ಲ.

"ಇನ್ನೊಂದು ಐತ್ರಿ," ಎಂದಳು. "ಗಿರಿಜಕ್ಕಾರಿಗೆ, ನಿಮ್ಮ ಸಾಲಿ ಅಕ್ಕೋರಿಗೆಲ್ಲ ಕೊಡುವಾಗ ನೀವು ನಕ್ಕೊಂತ ಮಾತಾಡ್ಕೊಂತ ಮೊಣಕೈ ದಾಟಿಸಿ ಕತ್ರಿ ಹಾಕಿದ್ರಿ. ಬಾಗಿಲದಾಗ ನಿಂತು ನೋಡಿದ್ನಿ."

"ನಿನ್ನೇನ ಯಾಕ ಹೇಳಲಿಲ್ಲ?"

"ಯಾರಿಗೆ ಹೇಳ್ಬೇಕ್ರಿ? ತನಿಖಿ ಮಾಡೋರು ನೀವ ಅದೀರಿ."

ಆಮೇಲೆ ಚಹಾ ಮಾಡಿದೆ. ಇಬ್ಬರೂ ಕುಡಿದೆವು. ಆದರೆ ಆ ರುಚಿ ಹೇಳಲಾರೆ. ಪಕ್ಷಪಾತಿ ಅನ್ನಿಸಿಕೊಳ್ಳಬಾರದೆಂದು ಆರು ವರ್ಷದ ಪರಿಚಯದವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದೆ. ಅದೂ ಪಕ್ಷಪಾತವೇ, ಬೇರೆ ದಿಕ್ಕಿನದು ಅಷ್ಟೆ. ದೊಡ್ಡ ಕೇಸಿನ ದೊಡ್ಡ ಅಧಿಕಾರಿಗಳೂ ಹೀಗೆಯೇ ಯಾರ ಯಾರ ಚಹಾ ನಿಲ್ಲಿಸಿದ್ದಾರೋ!

ಒಂದು ಮಾತು ಒಪ್ಪಿಕೊಳ್ಳುತ್ತೇನೆ. 'ಅಳತೆಯಲ್ಲಿ ಲೋಪ, ಸಾಕ್ಷಿ ಸಾಲದು' ಎಂದು ಬರೆದು ಕೇಸು ಮುಚ್ಚಬಹುದಿತ್ತು. ನಮ್ಮಿಬ್ಬರನ್ನು ಬಿಟ್ಟರೆ ಆ ಎರಡು ಕೈಗಳನ್ನು ಕಂಡವರಿರಲಿಲ್ಲ. ಬರೆದೂ ಇದ್ದೆ. ಭಾನುವಾರ ಬೆಳಿಗ್ಗೆ ಮಂಡಳಿಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಮುಂದೆ ಹಾದೆ. ಹುಲಿಗೆಮ್ಮನ ಬುಟ್ಟಿ ತುಂಬ ಹೂವು ಮಾರಾಟವಾಗದೆ ಹಾಗೇ ಇತ್ತು. ಆ ಹಾಳೆ ಹರಿದೆ.

ಸಭೆಯಲ್ಲಿ ಕೈ ಎತ್ತಿ ತೋರಿಸಿ ಹೇಳಿದೆ: "ಹೂವು ಕಳೆದದ್ದು ಈ ಕೈಯಲ್ಲಿ. ಹುಲಿಗೆಮ್ಮನ ಅರವತ್ತು ಮೊಳ ಸರಿಯಾಗಿತ್ತು."

ಎಲ್ಲರೂ ನನ್ನ ಕೈಯನ್ನೇ ನೋಡಿದರು. ಅಬ್ಬಾ, ತಪ್ಪೊಪ್ಪಿಗೆಯನ್ನಾದರೂ ನಂಬಿದರು ಎಂದುಕೊಂಡೆ.

"ನೋಡ್ರಿ, ಹುಲಿಗೆಮ್ಮನ ಉಳಸಾಕ ತಪ್ಪು ತಮ್ಮ ಮ್ಯಾಲೆ ಹಾಕ್ಕೊಂಡ್ರು. ನಾ ಮೊದ್ಲ ಹೇಳಿದ್ನೆಲ್ಲ?" ಎಂದರು ಶಾಂತಕ್ಕ.

"ನನಗ ಹೆಚ್ಚು ಹೂವು ಬಂತು ಅಂತ ಅನ್ನಿಸಾಕ ಶಾಂತಕ್ಕನೇ ಹೇಳಿಕೊಟ್ಟಾರ," ಎಂದರು ಗಿರಿಜಕ್ಕ.

ಕೊನೆಗೆ ಜಗಳ ನಿಂತದ್ದು ಸದಸ್ಯೆಯರಿಬ್ಬರು ಎದ್ದು ಮೊಣಕೈಗೆ ಮೊಣಕೈ ಸೇರಿಸಿ ನೋಡಿದ ಮೇಲೆ. ಆಮೇಲೆ ಅರವತ್ತು ಜನವೂ ಒಬ್ಬರ ಪಕ್ಕ ಒಬ್ಬರು ಕೈ ಇಟ್ಟು ಅಳೆಯತೊಡಗಿದರು. ಒಂದು ಕೈಯೂ ಇನ್ನೊಂದಕ್ಕೆ ಸರಿಹೊಂದಲಿಲ್ಲ. ಶಾಂತಕ್ಕನೇ ನಕ್ಕುಬಿಟ್ಟರು. "ಬರೋ ಶುಕ್ರವಾರದ ಹೂವು ಹುಲಿಗೆಮ್ಮನೇ ತರ್ಲಿ. ಅಳದು ಕೊಡೋದೂ ಆಕೀನ. ಅಕ್ಕೋರ ಕೈಯಾಗ ಮಾತ್ರ ಕತ್ರಿ ಕೊಡಬ್ಯಾಡ್ರಿ."

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಎಂದಿನಂತೆ ಬಾಗಿಲಿಗೆ ಬಂದಳು. ಬುಟ್ಟಿ ಇಳಿಸಿ, ಹೂವಿನ ತುದಿ ಹಿಡಿದು, ತುಟಿಯಂಚಿನಲ್ಲಿ ನಗುತ್ತಾ ಕೇಳಿದಳು: "ಇವತ್ತು ಯಾರ ಕೈಲೆ ಮೊಳ ಹಾಕ್ಲಿ ಅಕ್ಕೋರೆ? ನಂದೋ, ನಿಮ್ದೋ?"

"ನಿಂದೇ" ಎಂದಿತು ಬಾಯಿ. ಅಷ್ಟರಲ್ಲಿ ನನ್ನ ಕೈ ಆಗಲೇ ಮುಂದೆ ಚಾಚಿತ್ತು.