ಹೆಬ್ಬೆಟ್ಟಿನ ಮೇಲಿನ ವಿಭೂತಿ

ಆಫ್ರಿಕಾದ ಡರ್ಬನ್ನಿನಲ್ಲಿ ಅಂಗಡಿ ಇಟ್ಟು ನೆಲೆಸಿದ್ದ ನಾನು ಅಕ್ಕನನ್ನು ನೋಡಲು ನಮ್ಮೂರು ಮತ್ತೋಡಿಗೆ ಬಂದಿದ್ದೆ. ಹೆಂಡತಿ, ಮಗಳು ಡರ್ಬನ್ನಿನಲ್ಲೇ ಇದ್ದರು. ವಾಪಸು ಹೋಗಲು ನನ್ನ ಹೆಬ್ಬೆಟ್ಟಿನ ಗುರುತಿದ್ದ ಅಲ್ಲಿನ ನಿವಾಸಿ ಪತ್ರ ಬೇಕೇ ಬೇಕು. ಹೊರಡುವ ದಿನ ಅಕ್ಕ ಅದನ್ನು ದೇವರ ಮುಂದಿಟ್ಟು ಮೂರು ಬೆರಳಿಂದ ಒದ್ದೆ ವಿಭೂತಿ ಎಳೆದಳು, ಸರಿಯಾಗಿ ಆ ಗುರುತಿನ ಮೇಲೆಯೇ. ಸಿಟ್ಟು ನೆತ್ತಿಗೇರಿ ನಾನು ಗಸಗಸ ಒರೆಸಿದೆ. ವಿಭೂತಿಯ ಜೊತೆ ಹೆಬ್ಬೆಟ್ಟಿನ ಗೆರೆಗಳೂ ಕಲಸಿಹೋದವು. ಮುಂಬಯಿ ಬಂದರಿನ ಸಾಹೇಬ ಪತ್ರ ನೋಡಿ ಹಡಗು ಹತ್ತಗೊಡಲಿಲ್ಲ; ಹೊಸ ಪತ್ರ ಡರ್ಬನ್ನಿಗೆ ಹೋಗದೆ ಸಿಗುವಂತಿರಲಿಲ್ಲ.

ತಿರುಗಿ ಬಂದು, ಹಡಗು ತಪ್ಪಿತೆಂದು ಅಕ್ಕನಿಗೆ ಸುಳ್ಳು ಹೇಳಿದೆ. "ಬಿಡಪ್ಪ, ಶಿವ ನಿನ್ನ ಇಲ್ಲೇ ಉಳಿಸ್ಕಂಡ" ಅಂದಳು.

ವರ್ಷಗಳು ಕಳೆದವು; ಮಗಳು ಈಗ ಎಷ್ಟೆತ್ತರ ಬೆಳೆದಿದ್ದಾಳೋ. ದಿನಾ ಬೆಳಿಗ್ಗೆ ಅಕ್ಕ ಅದೇ ಮೂರು ಬೆರಳಿಂದ ನನ್ನ ಹಣೆಗೆ ವಿಭೂತಿ ಹಚ್ಚುತ್ತಾಳೆ. ನಾನು ಒರೆಸುವುದಿಲ್ಲ.