ನನ್ನ ಹೆಂಡತಿ ಟ್ರ್ಯಾಕ್ಟರ್ ಹಿಂದಕ್ಕೆ ಓಡಿಸಿದ ದಿನ

ಬ್ರೇಕ್ ಹಿಡಿಯದೇ ಹೋಗಬಹುದಿತ್ತು. ಹಿಡಿದರೂ ಒಂದೇ ಗಾಲಿಗೆ ಹಿಡಿಯಬಹುದಿತ್ತು. ಟ್ರ್ಯಾಕ್ಟರಿಗೆ ಎಡಕ್ಕೊಂದು, ಬಲಕ್ಕೊಂದು ಬೇರೆಬೇರೆ ಬ್ರೇಕ್ ಇರುತ್ತದೆ ಎಂಬ ಸಂಗತಿ ಗೊತ್ತಾದ ಮೇಲೆ ನಾನು ಸರಿಯಾಗಿ ಮಲಗಿಲ್ಲ. ಟ್ರೇಲರಿನ ಹುಕ್ಕಿಗೆ ಹಾಕಿದ ಪಿನ್ನು ಮುರಿಯಬಹುದಿತ್ತು. ಟ್ರೇಲರ್ ಅಡ್ಡ ತಿರುಗಿ, ಅದರ ಮೂಲೆಗೆ ದೊಡ್ಡ ಗಾಲಿ ಹತ್ತಿ, ಎರಡೂ ಸೇರಿ ಮಗ್ಗಲಿಗೆ ಉರುಳಬಹುದಿತ್ತು. ಎರಿ ಹೊಲದ ಕರಿಮಣ್ಣಿನ ಬಿರುಕಿನಲ್ಲಿ ಮುಂದಿನ ಗಾಲಿ ಸಿಕ್ಕು, ಸ್ಟೇರಿಂಗು ಗಿರ್ರನೆ ತಿರುಗಿ ಹೆಬ್ಬೆರಳು ಮುರಿಯಬಹುದಿತ್ತು. ವೇಲು ಗಾಲಿಗೆ ಸಿಗಬಹುದಿತ್ತು. ನಾಯಿ ಅಡ್ಡ ಬರಬಹುದಿತ್ತು, ಜನ ಅಡ್ಡ ಬರಬಹುದಿತ್ತು. ಜೇನು ಏಳಬಹುದಿತ್ತು. ಪಂದ್ಯದ ಹೊಲದ ಬದುವಿನ ಬೇವಿನಗಿಡದಲ್ಲಿ ಜೇನು ಇರಲಿಲ್ಲ, ಆಗಲೇ ಹೋಗಿ ನೋಡಿ ಬಂದಿದ್ದೆ. ಆದರೆ ಪಂದ್ಯದ ದಿನದೊಳಗೆ ಬಂದು ಕೂಡಬಾರದು ಅಂತ ಅವಕ್ಕೆ ಯಾರು ಹೇಳಿದ್ದಾರೆ? ಎಲ್ಲಕ್ಕಿಂತ ದೊಡ್ಡದು ಕುತ್ತಿಗೆ. ಒಂದು ನಿಮಿಷ ಪೂರ್ತಿ ಹಿಂದಕ್ಕೆ ತಿರುಗಿ ಕೂತವರ ಕುತ್ತಿಗೆಗೆ ಒಂದು ಜರ್ಕು ಸಾಕು.

ಇಷ್ಟನ್ನೂ ನಾನು ಹೇಳಿ ಮುಗಿಸುವವರೆಗೆ ಹೆಂಡತಿ ಕಡಲಿ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಡದೆ ಕೇಳಿದಳು: "ಆತೇನು? ಇನ್ನೂ ಐತೇನು?"

"ಸದ್ಯಕ್ಕ ಇಷ್ಟ."

"ಹಂಗಾದ್ರ ನಾಳಿ ಉಳಿದದ್ದು ಹೇಳೀರಂತ. ಹೆಸರು ಬರಸೇನಿ ನಾ."

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ನಮ್ಮ ಹಿರೇಹಂದಿಗೋಳದ ಕಡೆ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಪಂದ್ಯ ಇಡುತ್ತಾರೆ. ಖಾಲಿ ಟ್ರೇಲರ್ ಕಟ್ಟಿಕೊಂಡು, ಎರಡು ಸುಣ್ಣದ ಗೆರೆಗಳ ನಡುವೆ, ಒಂದು ನಿಮಿಷದಲ್ಲಿ ಯಾರು ಹೆಚ್ಚು ದೂರ ಹಿಂದಕ್ಕೆ ಹೋಗುತ್ತಾರೋ ಅವರು ಗೆದ್ದಂತೆ. ಗೆರೆ ತುಳಿದರೆ ಹೊರಗೆ. ಗಾಡಿ ದಿನಾ ಹೊಲದಲ್ಲಿ ದುಡಿಯುವುದೇ ಆಗಿರಬೇಕು; ಪಂದ್ಯಕ್ಕೆಂದೇ ಏನಾದರೂ ಬಿಚ್ಚಿ ಜೋಡಿಸಿ ತಂದವರನ್ನು ಸೇರಿಸುವುದಿಲ್ಲ.

ಈ ಪಂದ್ಯದ ಇತಿಹಾಸ ನನಗೆ ಬಾಯಿಪಾಠ. ಅದರಲ್ಲೂ ಕೆಟ್ಟ ಭಾಗ. ಒಂದು ವರ್ಷ ಒಬ್ಬರು ನೆಟ್ಟಗೆ ಪೆಂಡಾಲಿಗೇ ನುಗ್ಗಿದರು. ಮೈಕಿನವನು ಕುರ್ಚಿಯ ಕೆಳಗೆ ಮಲಗಿಕೊಂಡೇ ಮುಂದಿನವರ ಹೆಸರು ಕೂಗಿದ. ಇನ್ನೊಂದು ವರ್ಷ ಪಿನ್ನು ಕಿತ್ತು ಟ್ರೇಲರ್ ಒಂದೇ ಹೋಯಿತು, ಗೆರೆಗಳ ನಡುವೆ, ಯಾರೂ ಹೋಗದಷ್ಟು ದೂರ. ಅದಕ್ಕೆ ಬಹುಮಾನ ಕೊಡಬೇಕೋ ಬೇಡವೋ ಎಂದು ಊಟದ ಹೊತ್ತಿನವರೆಗೆ ಜಗಳ ನಡೆಯಿತು. ಮಲ್ಲಸಮುದ್ರದ ಒಬ್ಬ ಹಿರಿಯರು ಕುತ್ತಿಗೆ ತಿರುಗಿಸದೆ, ಬರೀ ಕನ್ನಡಿ ನೋಡಿಕೊಂಡು ಗೆದ್ದದ್ದೂ ಉಂಟು. ಹೆಂಗಸರು ಯಾರೂ ಓಡಿಸಿದ್ದಿಲ್ಲ.

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಆಕೆಯದೇ. ನಾನು ಗದಗಿನಲ್ಲಿ ಒಂದು ಆಫೀಸಿನ ಗುಮಾಸ್ತ. ಒಮ್ಮೆ ಕಲಿಯಲು ಹೋಗಿ, ಹಿಂದಕ್ಕೆ ತೆಗೆದುಕೊಳ್ಳುವಾಗ ಬಣವಿಯೊಳಗೆ ಹೊಕ್ಕೆ. ಹೊಟ್ಟು ಕೊಡವಿಕೊಂಡು ಇಳಿದವನು ಮತ್ತೆ ಹತ್ತಲಿಲ್ಲ. ಅಂದಿನಿಂದ ರೆಂಟೆ, ಕುಂಟೆ, ಮುಳಗುಂದದ ಸಂತೆಗೆ ಮಾಲು, ಎಲ್ಲ ಆಕೆಯೇ.

ಪಂದ್ಯಕ್ಕೆ ವಾರವಿದ್ದಾಗ ನಾನು ಮೊಬೈಲಿನಲ್ಲಿ ಗಾಡಿ ಓಟದ ಅಪಾಯಗಳನ್ನು ಹುಡುಕಿದೆ. ಅದು ನನ್ನನ್ನು ಅಮೆರಿಕಾಕ್ಕೆ ಒಯ್ದು ಸ್ಟಾಕ್ ಕಾರ್ ಓಟದ ಮುಂದೆ ನಿಲ್ಲಿಸಿತು. ಅಂಗಡಿಯಲ್ಲಿ ಸಿಗುವಂಥ ಕಾರನ್ನೇ ಓಡಿಸಬೇಕೆಂದು ಸುರುವಾದ ಆಟವಂತೆ. ಕಳ್ಳಭಟ್ಟಿ ಸಾಗಿಸುವವರು ಪೊಲೀಸರಿಂದ ತಪ್ಪಿಸಿಕೊಳ್ಳಲು ಕಲಿತ ಓಟ ಆಮೇಲೆ ಪಂದ್ಯವಾಯಿತಂತೆ. ಮೊದಲನೇ ದೊಡ್ಡ ಪಂದ್ಯದಲ್ಲಿ ಎಲ್ಲರಿಗಿಂತ ಮುಂದೆ ಬಂದವನನ್ನೇ, ಕಾರಿನ ಹಿಂದಿನ ಪಾಟಾ ಸ್ಪ್ರಿಂಗು ತಿದ್ದಿದೆಯೆಂದು ಹೊರಗೆ ಹಾಕಿದರಂತೆ. ಬಹಳ ವರ್ಷಗಳ ಮೇಲೆ ಒಬ್ಬ ಹೆಸರಾಂತ ಓಟಗಾರ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ಸತ್ತ; ಅದೇ ವರ್ಷ ಕುತ್ತಿಗೆ ಕಾಯುವ ಪಟ್ಟಿ ಎಲ್ಲರಿಗೂ ಕಡ್ಡಾಯವಾಯಿತು.

ಕುತ್ತಿಗೆ! ನಾನು ಓಡಿಹೋಗಿ ಆಕೆಗೆ ಓದಿ ಹೇಳಿದೆ. ಓದುವ ಭರದಲ್ಲಿ ಅದೇ ಮೊದಲನೇ ಪಂದ್ಯದಲ್ಲಿ ಒಬ್ಬ ಹೆಣ್ಣುಮಗಳೂ ಕಾರು ಓಡಿಸಿದ್ದಳು ಎಂಬ ಸಾಲನ್ನೂ ಓದಿಬಿಟ್ಟೆ.

"ಆಕಿ ಸತ್ಲೇನು?" ಎಂದಳು ಹೆಂಡತಿ.

"ಇಲ್ಲ."

"ಕೈಕಾಲು ಮುರಕೊಂಡ್ಲೇನು?"

"ಅವತ್ತಂತೂ ಇಲ್ಲ."

"ಮತ್ತ ಮುಂದ ಓದ್ರಿ. ಚಲೋ ಐತಿ."

ಪಂದ್ಯದ ದಿನ ಮುಂಜಾನೆ ನಾನು ಪಿನ್ನು ನೋಡಿದೆ. ಮತ್ತೊಮ್ಮೆ ನೋಡಿದೆ. ಮೂರನೇ ಸಲ ಬಗ್ಗಿದಾಗ ಹೆಂಡತಿಯ ತಮ್ಮ ನನ್ನ ಭುಜ ಹಿಡಿದು ಎಬ್ಬಿಸಿದ. "ಮಾಂವಾರ, ಅದು ಕಬ್ಬಿಣ ಐತ್ರಿ. ನೋಡಿ ನೋಡಿ ಸವಿಸಬ್ಯಾಡ್ರಿ." ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಜೇಬಿನಲ್ಲಿ ಎರಡು ನಿಂಬೆಹಣ್ಣು ಇದ್ದವು. ಹೊಸ ಗಾಡಿ ಹೊರಡಿಸುವಾಗ, ದೂರದ ದಾರಿಗೆ ಹೊರಟಾಗ, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಹಾಯಿಸುವುದು ನಮ್ಮಲ್ಲಿ ಇದ್ದದ್ದೇ. ಬೇರೆಯವರು ಮರೆಯಬಹುದು, ನಾನು ಮರೆಯುವವನಲ್ಲ. ಆಕೆಯ ಹೆಸರು ಕೂಗಿದ ಕೂಡಲೇ ಹೋಗಿ, ಮುಂದಿನ ಎರಡೂ ಗಾಲಿಗಳ ಮುಂದೆ ಒಂದೊಂದು ಇಟ್ಟು, ಕುಂಕುಮ ಹಚ್ಚಿ, ಎರಡೂ ಕೈ ಮುಗಿದೆ. ಆಕೆ ಮೇಲಿನಿಂದಲೇ ಅಂದಳು, "ಸರೀರಿ ಇನ್ನ, ನಿಮ್ಮ ಕಾಲ ಮ್ಯಾಲ ಹಾದೀತು."

"ಜ್ವಾಕಿ," ಎಂದೆ.

"ಮಧ್ಯಾಹ್ನ ರೊಟ್ಟಿ ನೀವ ಬಡೀರಿ," ಎಂದಳು. ಮೈಕಿನವನು, "ನಮ್ಮ ಪಂದ್ಯದಾಗ ಮೊದಲನೇ ಸಲ ಅಕ್ಕಾರು ಬರಾಕತ್ಯಾರ, ಹಿಂದ ಯಾರೂ ನಿಂದ್ರಬ್ಯಾಡ್ರಿ, ಮುಂದೂ ನಿಂದ್ರಬ್ಯಾಡ್ರಿ!" ಎಂದ. ಸೀಟಿ ಊದಿದರು.

ನಾನು ಕಣ್ಣು ಮುಚ್ಚಿದೆ.

ಕಣ್ಣು ಮುಚ್ಚಿದರೆ ಕಿವಿ ದೊಡ್ಡದಾಗುತ್ತದೆ. ಇಂಜಿನ್ನು ಒದರಿದ ಸದ್ದು, ಖಾಲಿ ಟ್ರೇಲರಿನ ಹಲಗೆಗಳು ಧಡಧಡ ಬಡಿಯುವ ಸದ್ದು. ಅದು ನನ್ನಿಂದ ದೂರ ಹೋಗುತ್ತಿತ್ತು. ಮನೆಯ ಬೀರುವಿನ ಕೀಲಿ ಆಕೆ ಎಲ್ಲಿಡುತ್ತಾಳೆಂದು ನನಗೆ ಗೊತ್ತಿಲ್ಲ ಎಂಬುದು ಆಗ ತಟ್ಟನೆ ಹೊಳೆಯಿತು. ಗ್ಯಾಸಿನ ಪುಸ್ತಕ ಎಲ್ಲಿದೆ, ಬೀಜದ ಜೋಳ ಯಾವ ಚೀಲದಲ್ಲಿದೆ, ನನ್ನ ಬಿಪಿ ಗುಳಿಗೆ ಮುಂಜಾನೆಯದೋ ಸಂಜೆಯದೋ, ಯಾವುದೂ ಗೊತ್ತಿಲ್ಲ. ಇಪ್ಪತ್ತು ವರ್ಷ ಜೇನು, ನಾಯಿ, ಪಿನ್ನು ಅಂತ ಹೆದರಿಕೊಂಡೇ ಬಂದವನು, ಈ ಹೆಂಗಸು ಇಲ್ಲದ ಒಂದು ಮುಂಜಾನೆ ಹೇಗಿರುತ್ತದೆಂದು ಒಂದು ಸಲವೂ ಪೂರ್ತಿ ಯೋಚಿಸಿರಲಿಲ್ಲ. ಅಷ್ಟು ಧೈರ್ಯ ಎಂದೂ ಬಂದಿರಲಿಲ್ಲ.

"ಹೋತು ಹೋತು ಹೋತು!" ಎಂದು ಜನ ಚೀರಿದರು.

ಕಣ್ಣು ತಾನೇ ತೆರೆಯಿತು. ಟ್ರೇಲರಿನ ಹಿಂಭಾಗ ಎಡಗಡೆಯ ಗೆರೆಯ ಕಡೆ ವಾಲುತ್ತಿತ್ತು. ಹಲಗೆಯ ಮೂಲೆ ದೊಡ್ಡ ಗಾಲಿಯ ಹತ್ತಿರ, ಹತ್ತಿರ ಬರುತ್ತಿತ್ತು. ನಾನು ರಾತ್ರಿಯೆಲ್ಲ ಕಂಡದ್ದು ಇದನ್ನೇ. ಮುಂದೇನಾಗುತ್ತದೆಂದೂ ನನಗೆ ಗೊತ್ತಿತ್ತು. ಭಾಮೈದನ ತೋಳು ಹಿಡಿದುಕೊಂಡೆ. ಆತ "ಅಯ್ಯಯ್ಯೋ" ಎಂದದ್ದು ಆಕೆಗಾಗಿಯೋ ನನ್ನ ಉಗುರಿಗಾಗಿಯೋ ತಿಳಿಯಲಿಲ್ಲ.

ಟ್ರೇಲರ್ ಎಡಕ್ಕೆ ಹೋಗುತ್ತಿದ್ದರೆ ಆಕೆ ಸ್ಟೇರಿಂಗನ್ನೂ ಎಡಕ್ಕೇ ತಿರುಗಿಸಿದಳು. ಹುಚ್ಚಿಯೇ, ಎಂದು ಒದರಿದೆ. ಆದರೆ ಟ್ರೇಲರ್ ಒಂದು ಕ್ಷಣ ತಡೆದು, ಮನಸ್ಸು ಬದಲಿಸಿದ ಎಮ್ಮೆಯ ಹಾಗೆ ಸಾವಕಾಶ ನಡುವಿಗೆ ಸರಿಯಿತು. ಹಿಂದಕ್ಕೆ ಹೋಗುವಾಗ ಟ್ರೇಲರ್ ವಾಲಿದ ಕಡೆಗೇ ತಿರುಗಿಸಬೇಕು ಎಂದು ಆಕೆ ನನಗೆ ಬಣವಿಯ ದಿನವೇ ಹೇಳಿದ್ದಳು. ಮತ್ತೊಂದು ಸೀಟಿ. ಧೂಳಿನ ಆಚೆ ಇಂಜಿನ್ನು ನಿಂತಿತು.

ನಾಲ್ಕನೆಯವಳಾಗಿ ಬಂದಳು. ಬಹುಮಾನ ಇದ್ದದ್ದು ಮೂವರಿಗೆ. ಕುತ್ತಿಗೆ ನೆಟ್ಟಗಿತ್ತು, ಹೆಬ್ಬೆರಳು ಎರಡೂ ಇದ್ದವು. ವೇಲನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಜನ ಸುತ್ತ ನಿಂತು ಮಾತಾಡಿಸುತ್ತಿದ್ದರು; ಆಕೆ ನಗುತ್ತಿದ್ದಳು, ಕೈ ಮಾತ್ರ ಇನ್ನೂ ಸ್ಟೇರಿಂಗು ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಅದನ್ನು ನೋಡಿ, ಆಕೆಗೂ ಹೆದರಿಕೆಯಾಗಿತ್ತು ಅಂತ ತಿಳಿಯಿತು. ನಾನು ಹತ್ತಿರ ಹೋಗಿ ನೀರಿನ ಬಾಟಲಿ ಕೊಟ್ಟೆ.

ಒಡೆದ ನಿಂಬೆಹಣ್ಣನ್ನು ಹಾದಿಯಲ್ಲಿ ಬಿಡಬಾರದು, ತುಳಿದವರಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಎತ್ತಿ ಬದುವಿನಾಚೆ ಒಗೆದರಾಯಿತೆಂದು ನಾನು ಟ್ರ್ಯಾಕ್ಟರ್ ಹೊರಟ ಜಾಗಕ್ಕೆ ವಾಪಸು ನಡೆದೆ. ನೀರು ಕುಡಿಯುತ್ತ ಆಕೆಯೂ ಹಿಂದೆ ಬಂದಳು. ಅಲ್ಲಿ, ಗಾಲಿಯ ಗುರುತು ಸುರುವಾಗುವ ಕಡೆ, ಗೇಣು ಮುಂದೆ, ನಾನು ಇಟ್ಟ ಹಾಗೆಯೇ, ಹಚ್ಚಿದ ಕುಂಕುಮ ಸಹ ಅಳಿಸದೆ, ಎರಡೂ ನಿಂಬೆಹಣ್ಣು ಗುಂಡಗೆ ಕೂತಿದ್ದವು.

"ಅಲ್ರೀ," ಎಂದಳು, "ಗಾಡಿ ಹೊಂಟಿದ್ದು ಆ ಕಡಿಗೆ."